ಅಕ್ಕನ ದನಿಯಿದ್ದ ಡಿಸ್ಕು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ದೊಡ್ಡಪ್ಪನ ಕಿರಿ ಮಗಳಿಗೆ ಆದದ್ದು. ಶಾಲೆಯಲ್ಲಿ ಲೆಕ್ಕ ಕಲಿಸುವವಳು, ಎರಡು ಸಲ ತಾಳೆ ನೋಡದೆ ಒಂದು ಮಾತಾಡುವವಳಲ್ಲ.

ಅವತ್ತು ಅವಳು ರಿಪೇರಿ ಅಂಗಡಿಯಿಂದ ಹೊರಟಾಗ ರಾತ್ರಿ ಹತ್ತೂವರೆ. ಕೈಚೀಲದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಡಿಸ್ಕು. ಅದರೊಳಗೆ ಅಕ್ಕನ ದನಿ.

ಇವಳನ್ನು ಸಾಕಿ ಬೆಳೆಸಿದವಳೇ ಆ ಅಕ್ಕ. ಗಂಟಲಲ್ಲಿ ಗಡ್ಡೆಯಾಗಿ, ಮೂರು ದಿನದ ಹಿಂದೆ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕೂತು ಅಕ್ಕ ತನ್ನ ಮಾತು ರೆಕಾರ್ಡ್ ಮಾಡಿಸಿದ್ದಳು. ಮುಂದೆ ತಾನು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅದೇ ದನಿಯಲ್ಲಿ ಹೇಳಲಿ ಅಂತ. ಬೈಗುಳವನ್ನೂ ಬಿಟ್ಟಿರಲಿಲ್ಲ. “ನಿನ್ನ ಬೈಯೋಕಾದರೂ ದನಿ ಬೇಕಲ್ಲೇ” ಅಂದಿದ್ದಳು.

ಇನ್ನೊಂದು ಪ್ರತಿ ಮಾಡಿಡೋಣ ಅನ್ನುವಷ್ಟರಲ್ಲಿ ಡಿಸ್ಕು ಕೈಕೊಟ್ಟಿತು. ಕಾಪಿ ಮಾಡಹೋದರೆ ಶುರುವಿಗೇ ಸ್ತಬ್ಧ.

“ಫರ್ಮ್‌ವೇರಲ್ಲೇ ದೋಷ ತಂಗಿ,” ಅಂದಿದ್ದರು ರಿಪೇರಿಯವರು. “ಅಂದರೆ ಡಿಸ್ಕಿನ ಒಳಬುದ್ಧಿ. ಕಂಪನಿ ಹೊಸದು ಬಿಟ್ಟಿದೆ. ಹಾಕಿದರೆ ಬದುಕಬಹುದು. ಹಾಕ್ತಿರೋವಾಗ ಕರೆಂಟ್ ಹೋದರೆ ಮಾತ್ರ... ಕಲ್ಲು. ನಾನಂತೂ ಕೈ ಹಾಕಲ್ಲ.”

“ಸ್ವಲ್ಪ ದಿನ ಕಾದು ನೋಡಿದರೆ?”

“ಇವತ್ತು ಕಾಣಿಸ್ತಾದರೂ ಇದೆ. ನಾಳೆ ಅದೂ ಇರುತ್ತೋ ಇಲ್ಲವೋ.”

ದಾರಿಯಲ್ಲಿ ಆಲದ ಮರ. ಅಲ್ಲಿ ಬೀದಿದೀಪ ಇರಲಿಲ್ಲ. ಚಪ್ಪಲಿಯ ಕೆಳಗೆ ಒಣಗಿದ ಎಲೆ... ಚರ್, ಚರ್. ಅವಳು ನಿಂತಳು. ಸದ್ದು ನಿಲ್ಲಲಿಲ್ಲ. ಇನ್ನೆರಡು ಹೆಜ್ಜೆ ಬಂದು, ಆಮೇಲೆ ನಿಂತಿತು.

“ಪುಟ್ಟೀ...”

ಕಿವಿಯ ಪಕ್ಕದಲ್ಲೇ. ಲೋಕದಲ್ಲಿ ಅವಳನ್ನು ಹಾಗೆ ಕರೆಯುವವಳು ಒಬ್ಬಳೇ. ಆ ಒಬ್ಬಳು ಉಸಿರಾಡೋಕೆ ಕುತ್ತಿಗೆಯಲ್ಲಿ ತೂತು ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ತಿರುಗಿ ನೋಡಲಿಲ್ಲ. ಓಡಿದಳು.

ಮನೆಗೆ ಬಂದು ಕಂಪ್ಯೂಟರಿಗೆ ಡಿಸ್ಕು ಜೋಡಿಸಿ, ಕಂಪನಿಯ ಹೊಸ ಫರ್ಮ್‌ವೇರ್ ಇಳಿಸಿಕೊಂಡು, ‘ಅಪ್‌ಡೇಟ್’ ಒತ್ತಲೋ ಬೇಡವೋ ಅಂತ ಗಂಟೆಗಟ್ಟಲೆ ಕೂತಳು. ಎರಡು ಗಂಟೆಗೆ ಜೀವ ಗಟ್ಟಿ ಮಾಡಿ ಒತ್ತಿದಳು. ಹತ್ತು ಪರ್ಸೆಂಟ್. ಇಪ್ಪತ್ತೆರಡು. ನಲವತ್ತೊಂದು...

ಟಪ್.

ಇಡೀ ಬೀದಿಯ ಕರೆಂಟ್ ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಅರಚತೊಡಗಿತು. ಪೀಂ... ಪೀಂ... ಹಳೇ ಬ್ಯಾಟರಿ. ಐವತ್ತು. ಐವತ್ತಮೂರು. ಅವಳು ನೆಲಕ್ಕೆ ಕೂತು ಆ ಡಬ್ಬಿಯನ್ನೇ ತಬ್ಬಿಕೊಂಡಳು. “ಇನ್ನೊಂಚೂರು... ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂಚೂರು...”

ಪೀಂ ಅನ್ನುವುದು ಉದ್ದಕ್ಕೆ ಎಳೆದು, ಸಣ್ಣಗಾಗಿ, ನಿಂತಿತು. ಪರದೆ ಕಪ್ಪಾಯಿತು. ಫ್ಯಾನು ಉಸ್ಸ್ ಅಂತ ಸುತ್ತು ನಿಲ್ಲಿಸಿತು. ಕೊಂದುಬಿಟ್ಟೆ, ಅಂದುಕೊಂಡಳು. ನನ್ನ ಕೈಯಾರೆ ಅಕ್ಕನನ್ನ ಮೂಕಿ ಮಾಡಿಬಿಟ್ಟೆ.

ಆದರೆ ಡಿಸ್ಕಿನ ದೀಪ ಮಿಣುಕುತ್ತಲೇ ಇತ್ತು.

ಕರೆಂಟಿಲ್ಲ. ಬ್ಯಾಟರಿಯಿಲ್ಲ. ದೀಪ ಮಾತ್ರ... ಮಿಣುಕ್, ಮಿಣುಕ್. ಅವಳು ಡಿಸ್ಕಿನ ವೈರ್ ಕೀಳಲು ಕೈ ಚಾಚಿದಳು.

“ಎಳೀಬೇಡ ಕಣೇ.”

ಪಕ್ಕದ ಖಾಲಿ ಕುರ್ಚಿ ಕಿರಕ್ ಅಂದಿತು.

“ಅಕ್ಕಾ?”

“ಶ್ಶ್... ಇನ್ನೂ ಮುಗಿದಿಲ್ಲ.”

ಆಮೇಲೆ ಮಾತಿಲ್ಲ. ಬರೀ ಉಸಿರು. ಮೂಗಿನ ಉಸಿರಲ್ಲ... ತೂತಿನಿಂದ ಗಾಳಿ ಎಳೆದ ಹಾಗೆ, ಸುಂಯ್... ಸುಂಯ್... ಅವಳು ಕೈ ಮಡಿಲಲ್ಲಿಟ್ಟು, ಹಲ್ಲು ಕಚ್ಚಿ ಕೂತಳು. ಎಷ್ಟು ಹೊತ್ತೋ ಗೊತ್ತಿಲ್ಲ. ಕಡೆಗೆ ದೀಪ ಮಿಣುಕುವುದು ಬಿಟ್ಟು ಸ್ಥಿರವಾಯಿತು.

“ಹೂಂ. ಈಗ ತೆಗಿ.”

ನಾಲ್ಕು ಗಂಟೆಗೆ ಕರೆಂಟ್ ಬಂತು. ಡಿಸ್ಕು ಹಾಕಿದಳು. ಒಂದೂ ಬಿಡದೆ ಎಲ್ಲ ರೆಕಾರ್ಡಿಂಗೂ ಇತ್ತು. ಮೂರು ಕಡೆ ಕಾಪಿ ಮಾಡಿ, ಮೇಜಿಗೆ ತಲೆಯಿಟ್ಟು ಅತ್ತಳು.

ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಅಕ್ಕ ಸ್ಲೇಟಿನಲ್ಲಿ “ಆಯ್ತಾ?” ಅಂತ ಬರೆದಳು. “ಆಯ್ತು” ಅಂದಳು ಇವಳು. ಬೇರೇನೂ ಕೇಳಲು ಧೈರ್ಯ ಬರಲಿಲ್ಲ. ಅಕ್ಕ ಕಣ್ಣು ಮುಚ್ಚಿದ ಮೇಲೆ, ಮಂಚದ ಕಾಲ ಬಳಿ ತೂಗುಹಾಕಿದ್ದ ನರ್ಸಿನ ಪುಸ್ತಕ ತೆರೆದಳು. ರಾತ್ರಿಪಾಳಿಯ ನರ್ಸ್ ಆ ರಾತ್ರಿಯಷ್ಟೇ ಬೇರೆ ವಾರ್ಡಿನಿಂದ ಬಂದವರು, ಅಕ್ಕನಿಗೆ ದನಿಯಿಲ್ಲದ್ದು ಅವರಿಗೆ ಗೊತ್ತಿರಲಿಲ್ಲ; ಮನೆಗೆ ಹೊರಟು ನಿಂತಿದ್ದರು.

“ಇದು... ಸನ್ನೆ ಮಾಡಿದ್ದಾ?” ಇವಳು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

“ಇಲ್ಲಪ್ಪ, ಬಾಯಿಬಿಟ್ಟೇ ಕೇಳಿದರು. ಯಾಕೆ?”

ಸುಳ್ಳು ಹೇಳಿ ನನಗೇನಾಗಬೇಕು? ಆ ಪುಟವನ್ನು ನಾನೇ ಕಣ್ಣಾರೆ ಓದಿದ್ದೇನೆ. ನೀಲಿ ಶಾಯಿ, ಅವಸರದ ಅಕ್ಷರ: “2.20. ರೋಗಿ ನೀರು ಕೇಳಿದರು. ಕೊಡಲಿಲ್ಲ.”