ಊಟಕ್ಕೆ ಎತ್ತಿದ ಕೈಗಳು

ಕಲ್ಕೆರೆಪೇಟೆ ಗ್ರಾಮ ಪಂಚಾಯಿತಿಯ ಅಧ್ಯಕ್ಷರಾದ ಶ್ರೀ ನಾಗಾರ್ಜುನ ಅವರೇ, ಅವರ ಪಕ್ಕದಲ್ಲಿ ಕುಳಿತು ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನಾಡಿದ ಮುಖ್ಯ ಅತಿಥಿಗಳೇ, ತಮ್ಮನ್ನು ಎಲ್ಲೋ ನೋಡಿದ ಹಾಗಿದೆ, ಎಲ್ಲಿ ಎಂದು ನೆನಪಾಗುತ್ತಿಲ್ಲ, ಕಾರ್ಯಕ್ರಮದ ನಿರೂಪಣೆ ಮಾಡುತ್ತಿರುವ ಪಂಚಾಯಿತಿಯ ಪ್ರಿಯಾ ಅವರೇ, ಮುಂದಿನ ಸಾಲಿನಲ್ಲಿ ಹೊಸ ಅಂಗಿ ತೊಟ್ಟು ಕುಳಿತಿರುವ ನಮ್ಮ ಯಜಮಾನರೇ, ಪೇಟೆಯ ವರ್ತಕರೇ, ಹೋಂಸ್ಟೇ ಮಾಲೀಕರೇ, ಮೆಣಸಿನಕಾಯಿ ಕೊಯ್ಲು ಅರ್ಧಕ್ಕೆ ಬಿಟ್ಟು ಕೆರೆಯ ಕೆಳಗಿನಿಂದ ಬಂದಿರುವ ಗಂಗಮ್ಮ ಮತ್ತು ಅವಳ ಜೊತೆಯವರೇ, ಸಭಿಕರೇ, ನಿಮಗೆಲ್ಲ ಗಿರಣಿ ಸುಮಿತ್ರಮ್ಮನ ವಂದನೆಗಳು.

ಶಾಲು ಚೆನ್ನಾಗಿದೆ. ಹೊದಿಸಿದ ಕೂಡಲೇ ಅಂಚು ತಿರುವಿ ನೋಡಿದೆ, ಅಧ್ಯಕ್ಷರು ತಪ್ಪು ತಿಳಿಯಬಾರದು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವಳಿಗೆ ಕೈಗೆ ಬಂದದ್ದನ್ನು ತಿರುವಿ ನೋಡದೆ ನಿದ್ದೆ ಬರುವುದಿಲ್ಲ. ಗಿರಣಿಯವಳನ್ನು ಊರು ನಂಬುವುದಿಲ್ಲ, ಊರನ್ನು ಗಿರಣಿಯವಳು ನಂಬುವುದಿಲ್ಲ. ಕಾಫಿ ಬೀಜ ಪುಡಿ ಮಾಡಿಸಲು ಬಂದವರು ಬೀಜ ಸುರಿಯುವ ಹಾಪರಿನ ಪಕ್ಕದಲ್ಲೇ ನಿಂತು, ನಾನು ಚಿಕೋರಿ ಬೆರೆಸುತ್ತೇನೋ ಎಂದು ಕಣ್ಣು ಮಿಟುಕಿಸದೆ ಕಾಯುತ್ತಿದ್ದರು. ಅವರೇ ಮನೆಯಲ್ಲಿ ಚಿಕೋರಿ ಬೆರೆಸಿಕೊಂಡು ತಂದಿರುತ್ತಿದ್ದರು. ನಾನು ಮೂಸಿ ನೋಡಿ ಸುಮ್ಮನಿರುತ್ತಿದ್ದೆ. ಅಂಥ ಕೆಲಸ ನಮ್ಮದು.

ಈಗ ನಾನು ಕೇಳುವುದು ಇಷ್ಟೇ. ಈ ಸನ್ಮಾನ ನನಗೆ ಯಾಕೆ?

ವಿನಯಕ್ಕೆ ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ. 'ಊರಿನ ಅಭಿವೃದ್ಧಿಗೆ ಶ್ರಮಿಸಿದ ಹಿರಿಯ ಮಹಿಳೆ' ಎಂದು ಪ್ರಿಯಾ ಓದಿದರು. ಯಾವ ಅಭಿವೃದ್ಧಿ? ಬಸ್ ಸ್ಟ್ಯಾಂಡನ್ನು ಇಳಿಜಾರಿನಲ್ಲಿ ಕಟ್ಟಬೇಡಿ ಎಂದೆ, ಕಟ್ಟಿದಿರಿ. ಈಗ ಮಳೆಗಾಲದಲ್ಲಿ ಬಸ್ಸು ರಸ್ತೆಯಲ್ಲಿ ನಿಲ್ಲುತ್ತದೆ, ನೀರು ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ. ಸಂತೆಕಟ್ಟೆಗೆ ಟೈಲ್ಸ್ ಹಾಕಬೇಡಿ, ಸೊಪ್ಪು ಮಾರುವವರು ಜಾರಿ ಬೀಳುತ್ತಾರೆ ಎಂದೆ, ಹಾಕಿದಿರಿ. ನಾನು ಬೇಡ ಎಂದದ್ದೆಲ್ಲ ಆಗಿದೆ. ಆ ಲೆಕ್ಕದಲ್ಲಿ ಅಭಿವೃದ್ಧಿಗೆ ಶ್ರಮಿಸಿದ್ದೇನೆ ಎಂದು ಬೇಕಾದರೆ ಹೇಳಬಹುದು. ಕಳೆದ ಗ್ರಾಮಸಭೆಯಲ್ಲಿ ಇದೇ ಅಧ್ಯಕ್ಷರು, 'ಆ ಅಮ್ಮನಿಗೆ ಯಾರಾದರೂ ಮೈಕ್ ಕೊಟ್ಟರೆ ನಾನು ಎದ್ದು ಹೋಗ್ತೀನಿ' ಎಂದಿದ್ದರು. ಇವತ್ತು ಮೈಕನ್ನು ತಮ್ಮ ಕೈಯಿಂದಲೇ ಕೊಟ್ಟಿದ್ದಾರೆ. ಮನುಷ್ಯ ಬದಲಾಗಬಾರದು ಎಂದೇನಿಲ್ಲ. ಆದರೆ ಬೆಕ್ಕು ತೀರ್ಥಯಾತ್ರೆಗೆ ಹೊರಟರೆ ಇಲಿಯಾದವಳು ಯಾವ ಊರಿಗೆ ಎಂದಾದರೂ ಕೇಳಬೇಕಲ್ಲ.

ಸನ್ಮಾನದ ಸುದ್ದಿಯನ್ನು ಮನೆಗೆ ತಂದವರು ನಮ್ಮ ಯಜಮಾನರು, ಶ್ರೀ ಸಿದ್ದಬಸಪ್ಪನವರು. ಅವರನ್ನು ನೀವೆಲ್ಲ ಬಲ್ಲಿರಿ. ಎರಡು ಅವಧಿ ಪಂಚಾಯಿತಿ ಸದಸ್ಯರಾಗಿದ್ದವರು. ತುಂಬ ಒಳ್ಳೆಯವರು. ಜೀವನದಲ್ಲಿ ಯಾರಿಗೂ ಇಲ್ಲ ಎಂದವರಲ್ಲ. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ನಮ್ಮಪ್ಪ, 'ಹುಡುಗಿ ಸ್ವಲ್ಪ ಮಾತು ಜಾಸ್ತಿ, ಒಪ್ಪಿಗೆನಾ' ಎಂದು ಕೇಳಿದರು. ಹೂಂ ಎಂದರು. ಎಷ್ಟು ಒಳ್ಳೆಯ ಗಂಡಸು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅದರ ಹಿಂದಿನ ವಾರ ಕೊಡ್ಲಿಪೇಟೆಯಲ್ಲಿ ಇನ್ನೊಂದು ಮನೆಯಲ್ಲೂ ಹೂಂ ಎಂದು ಬಂದಿದ್ದರು. ಅಲ್ಲಿಗೆ ಹೋಗಿ ಇಲ್ಲ ಎಂದು ಹೇಳಿದ್ದು ಅವರ ದೊಡ್ಡಪ್ಪ. ಸದಸ್ಯರಾಗಿದ್ದಾಗಲೂ ಹಾಗೇ. ರಸ್ತೆ ಮೇಲಿನ ಬೀದಿಗೆ ಎಂದರೂ ಕೈ ಎತ್ತಿದರು, ಕೆಳಗಿನ ಬೀದಿಗೆ ಎಂದರೂ ಕೈ ಎತ್ತಿದರು. ನಗಬೇಡಿ. ಇಂಥವರ ಜೊತೆ ಬಾಳುವುದು ಸುಲಭ. ಜಗಳವೇ ಇಲ್ಲ. ಏನೇ ಕೇಳಿದರೂ ಹೂಂ. ಆ ಹೂಂ ಯಾವತ್ತು ನನ್ನದು, ಯಾವತ್ತು ಬೇರೆಯವರದು ಎಂದು ಮಾತ್ರ ಇಷ್ಟು ವರ್ಷಕ್ಕೂ ನನಗೆ ತಿಳಿದಿಲ್ಲ.

ಇರಲಿ. ಅದು ಮನೆಯ ವಿಷಯ, ಇಲ್ಲಿ ಯಾಕೆ ಬಂತೋ.

ಊರಿನ ವಿಷಯ ಎಂದರೆ ಕೆರೆ. ಹೊರಗಿನಿಂದ ಬಂದ ಅತಿಥಿಗಳಿಗಾಗಿ ಹೇಳುತ್ತೇನೆ. ಪೇಟೆಯ ಮೇಲ್ಗಡೆ ನಮ್ಮದೊಂದು ಕೆರೆಯಿದೆ. ಕೆರೆಗೆ ನೀರು ಬಿಡುವ ತೂಬಿದೆ. ತೂಬಿನ ಕೆಳಗೆ ಗಂಗಮ್ಮನಂಥವರ ಗದ್ದೆಗಳಿವೆ. ಮಳೆಗಾಲದಲ್ಲಿ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಹಸಿಮೆಣಸಿನಕಾಯಿ. ಭತ್ತ ಅವರ ಮನೆಯ ಊಟಕ್ಕಾಗುತ್ತದೆ. ಮಕ್ಕಳ ಫೀಸು, ಆಸ್ಪತ್ರೆ, ಮದುವೆ, ಎಲ್ಲ ಮೆಣಸಿನಕಾಯಿಯಿಂದ. ಬೇಸಿಗೆಯಲ್ಲಿ ತೂಬು ತೆಗೆದರೆ ಗಿಡ ಉಳಿಯುತ್ತದೆ, ತೆಗೆಯದಿದ್ದರೆ ಹೂವು ಉದುರುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ.

ಪಂಚಾಯಿತಿಗೆ ಕೆರೆಯಲ್ಲಿ ಬೋಟು ಬಿಡಬೇಕು ಎಂದು ಮನಸ್ಸಾಗಿದೆ. ಬೋಟಿಂಗ್, ಸುತ್ತ ನಡೆಯುವ ದಾರಿ, ಸೆಲ್ಫಿ ಪಾಯಿಂಟ್. ಒಳ್ಳೆಯದೇ. ಆದರೆ ಟೂರಿಸ್ಟರು ಬರುವುದೂ ಬೇಸಿಗೆ ರಜೆಯಲ್ಲಿ, ಗಿಡಕ್ಕೆ ನೀರು ಬೇಕಾಗುವುದೂ ಬೇಸಿಗೆಯಲ್ಲಿ. ಬೋಟು ತೇಲಬೇಕಾದರೆ ತೂಬು ಮುಚ್ಚಬೇಕು. ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕು. ಹೋದ ಸಲ ಕೇಳಿದರು, ನಾವು ಕೊಡಲಿಲ್ಲ. ಅವತ್ತು ಗಂಗಮ್ಮ ಎದ್ದು ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. 'ಸ್ವಾಮಿ, ನಿಮ್ ಬೋಟು ನೀರಿಲ್ದಿದ್ರೆ ದಡದಲ್ಲಿ ಮಲಗ್ತದೆ. ನಾವು ಎಲ್ಲಿ ಮಲಗೂದು?' ಆಮೇಲೆ ಆ ಸುದ್ದಿಯೇ ನಿಂತುಹೋಯಿತು.

ನಿಂತುಹೋಯಿತು ಎಂದೇ ನಾನು ತಿಳಿದಿದ್ದೆ. ಹೋದ ಭಾನುವಾರ ನಮ್ಮ ಮಗಳು ದಿವ್ಯಶ್ರೀ ಬಂದಿದ್ದಳು. ಅವಳ ಗಂಡ ನವೀನ್‌ಕುಮಾರ್ ಕೆರೆಯ ಮೇಲ್ಗಡೆ ಹೋಂಸ್ಟೇ ನಡೆಸುತ್ತಿದ್ದಾನೆ. ಅಲ್ಲಿ ಕೂತಿದ್ದಾನೆ ನೋಡಿ, ನಮ್ಮ ಯಜಮಾನರ ಪಕ್ಕ. ಮಗಳ ಮುಖದಲ್ಲಿ ತುಂಬ ಖುಷಿ. 'ಅಮ್ಮ, ಮುಂದಿನ ಬೇಸಿಗೆಗೆ ಬೋಟ್ ಬಂದೇ ಬರುತ್ತಂತೆ, ಅಪ್ಪ ಹೇಳಿದ್ರು' ಎಂದಳು.

ಅಪ್ಪ ಹೇಳಿದ್ರು.

ಅವಳು ಹೇಳಿದಾಗ ನಾನು ದೋಸೆ ತಿರುವಿ ಹಾಕುತ್ತಿದ್ದೆ. ಮಗಳ ಕಡೆ ನೋಡಿದೆನೇ ಹೊರತು ಮಾತಿನ ಕಡೆ ನೋಡಲಿಲ್ಲ. ಈಗ ಮೈಕಿನ ಮುಂದೆ ಹೇಳುವಾಗ ಅದು ನನಗೇ ಬೇರೆಯಾಗಿ ಕೇಳಿಸುತ್ತಿದೆ. ಅಪ್ಪನಿಗೆ ಹೇಗೆ ಗೊತ್ತು?

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಪ್ರಿಯಾ ಈಗ ಬಂದು ನನ್ನ ಕಿವಿಯಲ್ಲಿ ಹೇಳಿದರು, 'ಮೇಡಂ, ಬೇಗ ಮುಗಿಸಿ, ಊಟಕ್ಕೆ ವೆಜ್-ನಾನ್‌ವೆಜ್ ಕೈ ಎತ್ತಿಸಬೇಕು' ಎಂದು. ಪಾಪ, ಅವರು ಹೇಳಿಸಿದ್ದನ್ನು ಹೇಳುತ್ತಾರೆ. ಆದರೆ ಈ ಕೈ ಎತ್ತಿಸುವ ಮಾತು ಕೇಳಿದ ಕೂಡಲೇ ನನಗೆ ಕಸದ ಘಟಕ ನೆನಪಾಯಿತು. ನಿಮಗೆ ನೆನಪಿಲ್ಲವೇ? ಎರಡು ವರ್ಷದ ಹಿಂದೆ ಇದೇ ಹಾಲಿನಲ್ಲಿ ಹಿರಿಯ ನಾಗರಿಕರ ದಿನ ಮಾಡಿದಿರಿ. ನಮ್ಮದು ಮಿಶ್ರ ಊರು. ಊಟಕ್ಕೆ ಮೊದಲು ಎಷ್ಟು ಎಲೆ ವೆಜ್, ಎಷ್ಟು ನಾನ್‌ವೆಜ್ ಎಂದು ಕೈ ಎತ್ತಿಸುವುದು ಇಲ್ಲಿ ಮದುವೆಯಿಂದ ತಿಥಿಯವರೆಗೆ ಇರುವ ಪದ್ಧತಿ. 'ವೆಜ್‌ನವರು ಕೈ ಎತ್ತಿ' ಎಂದರು. ನಾವೆಲ್ಲ ಎತ್ತಿದೆವು. ಯಾರೋ ಫೋಟೋ ತೆಗೆದರು. ಊಟ ಚೆನ್ನಾಗಿತ್ತು, ಪಾಯಸವೂ ಇತ್ತು. ಆರು ತಿಂಗಳ ಮೇಲೆ ಶಾಲೆಯ ಹಿಂದೆ ಕಸದ ಶೆಡ್ಡು ಎದ್ದಿತು. ಯಾರನ್ನು ಕೇಳಿ ಕಟ್ಟಿದಿರಿ ಎಂದು ಪಂಚಾಯಿತಿಗೆ ಹೋದೆ. ನಿಮ್ಮನ್ನೇ ಕೇಳಿ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದರು. 'ಕಸದ ಘಟಕಕ್ಕೆ ಕೈ ಎತ್ತಿ ಒಪ್ಪಿಗೆ ನೀಡುತ್ತಿರುವ ಗ್ರಾಮಸ್ಥರು' ಎಂದು ಅದರ ಕೆಳಗೆ ಬರೆದಿತ್ತು. ಎರಡನೆಯ ಸಾಲಿನಲ್ಲಿ ನಾನೇ ಇದ್ದೆ, ಬಳೆ ಸಮೇತ.

ಆಗ ಊರಿನಲ್ಲಿ ಎಂಥ ಮಾತಾಯಿತು ಗೊತ್ತಲ್ಲ. ವೆಜ್‌ನವರೆಲ್ಲ ಸೇರಿ ಊರಿಗೆ ಕಸ ತಂದರು ಎಂದು ನಾನ್‌ವೆಜ್‌ನವರು ಕೋಪ ಮಾಡಿಕೊಂಡರು. ಒಂದು ತಿಂಗಳು ನನ್ನ ಗಿರಣಿಗೆ ಅರ್ಧ ಊರು ಬರಲಿಲ್ಲ. ತಪ್ಪಾಗಿ ಬೇರೆ ಫೋಟೋ ಸೇರಿಕೊಂಡಿದೆ ಎಂದು ಪಂಚಾಯಿತಿ ಹೇಳಿತು. ತಪ್ಪಾಗಿರಬಹುದು ಎಂದು ಅವತ್ತು ನಾನೂ ಬಿಟ್ಟೆ.

ಈಗ ನೆನಪಾಯಿತು, ಅತಿಥಿಗಳೇ, ತಮ್ಮನ್ನು ಎಲ್ಲಿ ನೋಡಿದ್ದೆ ಎಂದು. ತಾವು ತಾಲ್ಲೂಕಿನಿಂದ ಬರುವ ನೋಡಲ್ ಅಧಿಕಾರಿಗಳು. ತಾವು ಕೂತರೆ ಮಾತ್ರ ಗ್ರಾಮಸಭೆ ಎಂದು ಲೆಕ್ಕ. ಗಿರಣಿಯವಳ ಸನ್ಮಾನಕ್ಕೆ ತಮಗೇನು ಕೆಲಸ? ತಾವು ಯಾರು ಎಂದು ಪ್ರಿಯಾ ಓದಲೇ ಇಲ್ಲ, ಮುಖ್ಯ ಅತಿಥಿಗಳು ಎಂದಷ್ಟೇ ಓದಿದರು. ತಾವು ತಲೆ ತಗ್ಗಿಸಬೇಡಿ, ತಮಗೂ ಏನು ಹೇಳಿ ಕರೆಸಿದರೋ ನಾನು ಕಾಣೆ. ಅಧ್ಯಕ್ಷರೇ, ನೀವು ಕೂತುಕೊಳ್ಳಿ. ಎದ್ದು ಹೋಗುತ್ತೇನೆ ಎಂದು ಹೋದ ವರ್ಷ ಹೇಳಿದ್ದು ಸಾಕು.

ಸಭಿಕರೇ, ನನಗೆ ಸಂಶಯ ಜಾಸ್ತಿ ಎಂದು ನೀವು ಹೇಳುತ್ತೀರಿ. ಹೌದು. ಹಾಗಾದರೆ ನನ್ನ ಸಂಶಯವನ್ನು ಹೇಳಿಬಿಡುತ್ತೇನೆ, ಸುಳ್ಳಾದರೆ ಸಂತೋಷ. ಬೋಟಿಗಾಗಿ ಗ್ರಾಮಸಭೆ ಎಂದು ಆಟೋದಲ್ಲಿ ಕೂಗಿಸಿದರೆ ಕೆರೆಯ ಕೆಳಗಿನವರು ಜಗಳಕ್ಕೇ ಬರುತ್ತಾರೆ. ಸುಮಿತ್ರಕ್ಕನಿಗೆ ಸನ್ಮಾನ ಎಂದು ಕೂಗಿಸಿದರೆ ಪ್ರೀತಿಯಿಂದ ಬರುತ್ತಾರೆ. ಬಂದಿದ್ದಾರೆ. ಗಂಗಮ್ಮ ಬೆಳಿಗ್ಗೆ ನನ್ನ ಕೈ ಹಿಡಿದು, 'ನಮ್ಮಕ್ಕಂಗೆ ಮರ್ಯಾದೆ ಮಾಡ್ತಾರೆ ಅಂದ್ರೆ ನಾ ಬರ್ದೆ ಇರ್ತೀನಾ' ಎಂದಳು. ಇನ್ನೇನು, ಊಟಕ್ಕೆ ಕೈ ಎತ್ತಿ ಎಂದರೆ ಎತ್ತುತ್ತಾರೆ. ಫೋಟೋ ಆಗುತ್ತದೆ. ಮೆಣಸಿನಕಾಯಿ ಬೆಳೆಯುವವರೇ ತೂಬು ಮುಚ್ಚಲು ಕೈ ಎತ್ತಿದರು ಎಂದಾಗುತ್ತದೆ. ಹಾಗಾದರೆ ಈ ಶಾಲು ಸನ್ಮಾನವಲ್ಲ. ಗಾಳಕ್ಕೆ ಸಿಕ್ಕಿಸುವ ಎರೆಹುಳು ನಾನು.

ನನ್ನ ಹೆಸರು ಹಾಕಿದರೆ ಅವರು ಬರುತ್ತಾರೆ ಎಂದು ಅಧ್ಯಕ್ಷರಿಗೆ ಹೇಳಿಕೊಟ್ಟವರು ಯಾರು? ಅದು ಅಧ್ಯಕ್ಷರಿಗೆ ಹೊಳೆಯುವ ವಿಷಯವಲ್ಲ. ಗಂಗಮ್ಮ ಮೆಣಸಿನಕಾಯಿ ಮೂಟೆ ಇಳಿಸಿ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋಗುವುದನ್ನು ನೋಡಿದವರಿಗೆ ಗೊತ್ತಿರುವ ವಿಷಯ.

ರೀ, ಇಲ್ಲಿ ನೋಡಿ. ಅಂಗಿಯ ಗುಂಡಿ ಆಮೇಲೆ ನೋಡಬಹುದು. ನಾನು ಇಸ್ತ್ರಿ ಮಾಡಿದ ಅಂಗಿ ಅದು, ಗುಂಡಿ ಎಲ್ಲ ಸರಿಯಾಗಿದೆ.

ನೀವು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅಳಿಯ ಕೇಳಿದ, ಹೂಂ ಎಂದಿರಿ. ಅಧ್ಯಕ್ಷರು ಕೇಳಿದರು, ಹೂಂ ಎಂದಿರಿ. ಮಗಳು ಚೆನ್ನಾಗಿರಲಿ ಎಂದು ನನಗೂ ಆಸೆಯಿದೆ. ಹೋಂಸ್ಟೇ ಸರಿಯಾಗಿ ನಡೆಯದೆ ಅವಳು ಒಳಗೊಳಗೇ ಸೊರಗುವುದನ್ನು ನಾನೂ ನೋಡಿದ್ದೇನೆ. ಬೋಟು ಬೇಕು ಎಂದು ನನ್ನ ಬಳಿ ಬಂದು ಜಗಳ ಮಾಡಬಹುದಿತ್ತು. ಒಂದು ಸಲ ಇಲ್ಲ ಎನ್ನಬಹುದಿತ್ತು, ನನ್ನ ಮುಖಕ್ಕೆ. ಅದು ಬಿಟ್ಟು ನನಗೆ ಶಾಲು ಹೊದಿಸಿ ಗಂಗಮ್ಮನ ನೀರು ತೆಗೆಯಲು ಹೊರಟಿರಲ್ಲ. ನನಗೆ ತುಂಬ ನೋವಾಗಿದೆ. ಸಭೆಯಲ್ಲಿ ಹೇಳಬಾರದು. ಮನೆಯಲ್ಲಿ ಹೇಳಿದರೆ ಅದಕ್ಕೂ ಹೂಂ ಎನ್ನುತ್ತೀರಿ.

ಸಭಿಕರೇ, ಉದ್ದವಾಯಿತು. ಮುಗಿಸುತ್ತೇನೆ. ಅಧಿಕಾರಿಗಳಿದ್ದಾರೆ, ಅಧ್ಯಕ್ಷರಿದ್ದಾರೆ, ಊರಿದೆ, ಫೋಟೋ ತೆಗೆಯುವವರಿದ್ದಾರೆ. ಗ್ರಾಮಸಭೆಗೆ ಬೇಕಾದ್ದೆಲ್ಲ ಅವರೇ ತಂದಿಟ್ಟಿದ್ದಾರೆ, ಕೇಳುವುದನ್ನು ಮಾತ್ರ ಮರೆತಿದ್ದಾರೆ. ಅದನ್ನು ನಾನು ಕೇಳುತ್ತೇನೆ. ಬೇಸಿಗೆಯಲ್ಲಿ ತೂಬು ಮುಚ್ಚಬಾರದು ಎನ್ನುವವರು ಕೈ ಎತ್ತಿ. ಇದು ಗ್ರಾಮಸಭೆಯಾದರೆ ಇದೇ ತೀರ್ಮಾನ. ಗ್ರಾಮಸಭೆಯಲ್ಲ ಎನ್ನುವುದಾದರೆ ಇವತ್ತು ತೆಗೆದ ಯಾವ ಫೋಟೋವೂ ಯಾವುದಕ್ಕೂ ನಡೆಯುವುದಿಲ್ಲ. ಎರಡರಲ್ಲಿ ಒಂದನ್ನು ಅಧಿಕಾರಿಗಳು ಈಗಲೇ ಈ ಮೈಕಿನಲ್ಲಿ ಹೇಳಬೇಕು. ಮೊದಲ ಕೈ ನನ್ನದು. ಇದು ಊಟದ ಕೈಯಲ್ಲ, ಸರಿಯಾಗಿ ನೋಡಿಕೊಳ್ಳಿ. ಊಟಕ್ಕೆ ಯಾರೂ ಕೈ ಎತ್ತಬೇಡಿ. ವೆಜ್ ಬಲಗಡೆ, ನಾನ್‌ವೆಜ್ ಎಡಗಡೆ, ನಡೆದುಕೊಂಡು ಹೋಗಿ ಕೂತರಾಯಿತು.

ಗಂಗಮ್ಮ, ಇನ್ನೂ ಮೇಲೆತ್ತು. ಹಾಂ. ಹಿಂದಿನ ಸಾಲಿನವರೂ. ಹೋಂಸ್ಟೇಯವರಲ್ಲೂ ಇಬ್ಬರು ಎತ್ತಿದ್ದಾರೆ, ಅವರಿಗೆ ನನ್ನ ವಿಶೇಷ ಕೃತಜ್ಞತೆ. ಮೈಕ್ ಕೊಟ್ಟ ಅಧ್ಯಕ್ಷರಿಗೆ, ದೂರದಿಂದ ಬಂದ ಅಧಿಕಾರಿಗಳಿಗೆ, ಕೆಲಸ ಬಿಟ್ಟು ಬಂದ ನಿಮಗೆಲ್ಲರಿಗೂ ನಾನು ಋಣಿ.

ಪ್ರಿಯಾ, ಈಗ ತೆಗೆಯಮ್ಮ ಫೋಟೋ. ಮುಂದಿನ ಸಾಲಿನಲ್ಲಿ ಒಬ್ಬರು ಅಳಿಯನ ಮುಖ ನೋಡುತ್ತ ಕೂತಿದ್ದಾರೆ. ಅವರಿಗಾಗಿ ಕಾಯಬೇಡ.

ನಮಸ್ಕಾರ.