ಅರವತ್ತೇಳು ಅಂಕದ ಬೆಳ್ಳಿ ನಾಣ್ಯ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಇಂದಿನ ಸನ್ಮಾನಿತರೂ ನನ್ನ ಒಡಹುಟ್ಟಿದ ತಮ್ಮನೂ ಆದ ದರ್ಜಿಯವರೇ, ಮುಂದಿನ ಸಾಲಿನಲ್ಲಿ ಭೂತಗನ್ನಡಿ ಹಿಡಿದೇ ಕುಳಿತಿರುವ ಹಿರಿಯ ಸದಸ್ಯರೇ, ಹಿಂದಿನ ಸಾಲಿನಲ್ಲಿ ತಿಂಡಿಯ ಮೇಜಿಗೆ ಹತ್ತಿರವಾಗಿ ಜಾಗ ಹಿಡಿದಿರುವ ಉಳಿದ ಸಭಿಕರೇ,

ಅಧ್ಯಕ್ಷರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅವರು ದಂತವೈದ್ಯರು. ಊರಿನವರ ಬಾಯಿ ತೆರೆಸುವುದೇ ಅವರ ವೃತ್ತಿಯಾದರೂ ನನ್ನ ಬಾಯಿಯನ್ನು ಮಾತ್ರ ಬೇಗ ಮುಚ್ಚಿಸಬೇಕೆಂದು ಹತ್ತೊಂಬತ್ತು ವರ್ಷಗಳಿಂದ ಪ್ರಯತ್ನಿಸುತ್ತಿದ್ದಾರೆ. ಅವರ ದವಾಖಾನೆಯ ಮೇಲಿನ ಕೋಣೆಯಲ್ಲೇ ನಮ್ಮ ನಾಣ್ಯ ಸಂಗ್ರಾಹಕರ ಸಂಘ ಹುಟ್ಟಿತು. ಆ ದಿನ ಇದ್ದವರು ಮೂವರು. ಕುರ್ಚಿಗಳು ಎರಡು. ನಿಂತುಕೊಂಡವನು ನಾನು, ಆದ್ದರಿಂದ ನನ್ನನ್ನು ಕಾರ್ಯದರ್ಶಿ ಮಾಡಿದರು.

ಇಂದಿನ ಸಂತೋಷದ ಕಾರಣ ನಿಮಗೆಲ್ಲ ಗೊತ್ತು. ನನ್ನ ತಮ್ಮನ ಬೆಳ್ಳಿ ನಾಣ್ಯಕ್ಕೆ ಅರವತ್ತೇಳು ಅಂಕ ಬಂದಿದೆ. ಹೊಸಬರಿಗಾಗಿ ಹೇಳುತ್ತೇನೆ. ನಾಣ್ಯವನ್ನು ಪರೀಕ್ಷಾ ಸಂಸ್ಥೆಗೆ ಕಳಿಸಿದರೆ ಅಲ್ಲಿಯ ಪರಿಣತರು ಅದನ್ನು ತೂಗಿ, ಅಳೆದು, ದೀಪದ ಕೆಳಗೆ ತಿರುಗಿಸಿ ನೋಡಿ, ಒಂದರಿಂದ ಎಪ್ಪತ್ತರೊಳಗೆ ಒಂದು ಅಂಕ ಕೊಟ್ಟು, ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಹಿಂದಿರುಗಿಸುತ್ತಾರೆ. ಎಪ್ಪತ್ತೆಂದರೆ ದೋಷವೇ ಇಲ್ಲ ಎಂದು. ಇಷ್ಟು ಹಳೆಯ ಬೆಳ್ಳಿಗೆ ಅರವತ್ತೇಳು ಬರುವುದೆಂದರೆ, ಅಜ್ಜಿಗೆ ಮೂವತ್ತೆರಡು ಹಲ್ಲೂ ಇದ್ದ ಹಾಗೆ. ಬೇಕಾದರೆ ಅಧ್ಯಕ್ಷರನ್ನೇ ಕೇಳಿ.

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು. ಅಂಕ ಕೊಡುವುದು ನನಗೆ ಹೊಸದಲ್ಲ. ಅಂಕ ಪಡೆಯುವುದು ಎಷ್ಟು ಕಷ್ಟ ಎಂದು ನಿವೃತ್ತಿಯ ಮೇಲೆ ತಿಳಿಯಿತು. ನನ್ನ ಬಳಿ ಇನ್ನೂರ ಹನ್ನೆರಡು ನಾಣ್ಯಗಳಿವೆ, ಅವುಗಳಲ್ಲಿ ಹನ್ನೊಂದು ಚಿನ್ನದವು. ಒಂದೊಂದರ ಹಿಂದೆಯೂ ಒಂದೊಂದು ರಜೆ, ಒಂದೊಂದು ಪ್ರಯಾಣ, ಮನೆಯಲ್ಲಿ ಒಂದೊಂದು ಜಗಳ. ಇಷ್ಟೆಲ್ಲ ಇದ್ದೂ ನನ್ನ ಅತ್ಯುತ್ತಮ ಚಿನ್ನದ ನಾಣ್ಯಕ್ಕೆ ಬಂದದ್ದು ಅರವತ್ಮೂರು. ನನ್ನ ತಮ್ಮನ ಬಳಿ ಇರುವುದೆಷ್ಟು? ಒಂದು. ಒಂದೇ ಒಂದು. ಒಂಟಿ ಮರ ತೋಪಾಗುತ್ತದೆಯೇ? ಒಂದು ನಾಣ್ಯ ಇಟ್ಟುಕೊಂಡವನನ್ನು ಸಂಗ್ರಾಹಕ ಎನ್ನಬಹುದೇ? ಇದು ಕೇವಲ ತಾತ್ವಿಕ ಪ್ರಶ್ನೆ. ಕಳೆದ ಸಮಿತಿ ಸಭೆಯಲ್ಲಿ ಇದನ್ನೇ ಕೇಳಿದಾಗ ಕೆಲವರು ನಕ್ಕರು. ಕಾರ್ಯದರ್ಶಿಗೆ ಹೊಟ್ಟೆಕಿಚ್ಚು ಎಂದು ಮೆಟ್ಟಿಲಿಳಿಯುವಾಗ ಮಾತಾಡಿಕೊಂಡದ್ದೂ ನನ್ನ ಕಿವಿಗೆ ಬಿತ್ತು. ಸಭಿಕರೇ, ಸ್ವಂತ ತಮ್ಮನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ?

ನಮ್ಮ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ರಸ್ತೆಯ ತಿರುವಿನಲ್ಲಿ ಒಂದು ಬಾಗಿಲಿನ ಅಂಗಡಿ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಬಿಳಿ ಕಾಗದ, ಕಾಗದದ ಮೇಲೆ ಸಾಸಿವೆಗಿಂತ ಸಣ್ಣ ಮೊಳೆಗಳು. ನಾವಿಬ್ಬರು ಅಲ್ಲಿ ಉಸಿರು ಬಿಗಿಹಿಡಿದು ಕೂರಬೇಕಿತ್ತು. ಸೀನಿದರೆ ಯಾರದೋ ಗಡಿಯಾರದ ಅರ್ಧ ಭಾಗ ಹಾರಿಹೋಗುತ್ತಿತ್ತು. ಸೀನುತ್ತಿದ್ದವನು ಯಾವಾಗಲೂ ತಮ್ಮ. ಬೈಸಿಕೊಳ್ಳುತ್ತಿದ್ದವನು ಯಾವಾಗಲೂ ನಾನು. ಅಮ್ಮನದು ಒಂದೇ ಮಾತು: "ಅವನು ಚಿಕ್ಕವನು, ಬಿಡು." ಅವನಿಗೆ ಈಗ ಅರವತ್ನಾಲ್ಕು. ಈಗಲೂ ಚಿಕ್ಕವನೇ.

ನನಗೆ ಹನ್ನೆರಡು, ಅವನಿಗೆ ಒಂಬತ್ತು ವರ್ಷವಾಗಿದ್ದಾಗ, ಅಪ್ಪನ ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಬಂದು ಎರಡು ಬೆಳ್ಳಿ ನಾಣ್ಯಗಳನ್ನು ಮಕ್ಕಳಿಗೆಂದು ಕೊಟ್ಟುಹೋದರು. ಎರಡೂ ಒಂದೇ ವರ್ಷದವು, ಒಂದೇ ಟಂಕಸಾಲೆಯವು. ಕಿರೀಟ ಹೊತ್ತ ಅದೇ ತಲೆ, ಹಿಂದೆ ಅದೇ ಎಲೆಗಳ ಸುತ್ತು. ಕೈಯಿಂದ ಕೈಗೆ ತಿರುಗಾಡದ ನಾಣ್ಯಗಳು. ಅಪ್ಪ ಒಂದೊಂದನ್ನೂ ಗಡಿಯಾರದ ಬಿಡಿಭಾಗ ಸುತ್ತುವ ತೆಳು ಕಾಗದದಲ್ಲಿ ಸುತ್ತಿ, ಒಂದರ ಮೇಲೆ ಪೆನ್ಸಿಲ್‌ನಿಂದ ‘ದೊಡ್ಡವನು’ ಎಂದೂ ಇನ್ನೊಂದರ ಮೇಲೆ ‘ಚಿಕ್ಕವನು’ ಎಂದೂ ಬರೆದು ಕೊಟ್ಟರು.

ಈಗ ಈ ಎರಡು ನಾಣ್ಯಗಳ ಮುಂದಿನ ಬಾಳು ಕೇಳಿ. ನಾನು ನನ್ನದನ್ನು ಪ್ರೀತಿಸಿದೆ. ಪ್ರತಿ ಭಾನುವಾರ ಅಪ್ಪನ ಮೆರುಗು ಬಟ್ಟೆಯಿಂದ ಒರೆಸಿದೆ. ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಮದುವೆಯಾದ ಮೇಲೂ ಒರೆಸಿದೆ, ಮಕ್ಕಳಾದ ಮೇಲೂ ಒರೆಸಿದೆ. ತಮ್ಮನೋ, ತನ್ನದನ್ನು ಕಾಗದ ಸಮೇತ ಅಮ್ಮನ ಹೊಲಿಗೆ ಯಂತ್ರದ ಖಾನೆಯೊಳಗೆ ಹಾಕಿದ; ಮುಂದೆ ಅದೇ ಯಂತ್ರದಲ್ಲಿ ಹೊಲಿಯುತ್ತ ದರ್ಜಿಯಾದ. ಗುಂಡಿ, ದಾರದುಂಡೆ, ಮುರಿದ ಸೂಜಿಗಳ ಜೊತೆ ಐವತ್ತೈದು ವರ್ಷ. ತೆಗೆದು ನೋಡಿದರೆ ಹೇಗಿತ್ತು? ಮೋಡದ ಬಣ್ಣ. ಅಂಚಿನಲ್ಲಿ ಸ್ವಲ್ಪ ನೀಲಿ, ಸ್ವಲ್ಪ ಚಿನ್ನದ ಬಣ್ಣ.

ಆ ಮಬ್ಬೇ ಬೆಳ್ಳಿಯ ನಿಜವಾದ ಚರ್ಮ. ಉಜ್ಜಿದರೆ ಚರ್ಮ ಹೋಗುತ್ತದೆ, ಮತ್ತೆ ಬರುವುದಿಲ್ಲ. ನಮ್ಮ ಸಂಘದ ಕೋಣೆಯಲ್ಲಿ ತೂಗುಹಾಕಿರುವ ಫಲಕ ನೋಡಿದ್ದೀರಿ: ‘ಅಂಚಿನಲ್ಲಿ ಹಿಡಿಯಿರಿ. ಮುಖ ಮುಟ್ಟಬೇಡಿ. ಎಂದೆಂದಿಗೂ ಉಜ್ಜಬೇಡಿ.’ ಅದು ನನ್ನ ಕೈಬರಹ. ‘ಎಂದೆಂದಿಗೂ’ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದದ್ದೂ ನಾನೇ. ಯಾಕೆ ಎರಡು ಎಂದು ಯಾರೂ ಕೇಳಲಿಲ್ಲ.

ಮೂರು ತಿಂಗಳ ಹಿಂದೆ ಇಬ್ಬರ ನಾಣ್ಯವನ್ನೂ ಒಂದೇ ಪೊಟ್ಟಣದಲ್ಲಿ ಪರೀಕ್ಷೆಗೆ ಕಳಿಸಿದೆವು. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು, ಇರಲಿ. ಹೌದು, ನನ್ನದನ್ನೂ ಕಳಿಸಿದ್ದೆ. ಎಷ್ಟು ಅಂಕ ಬಂತು ಎಂದು ಮುಂದಿನ ಸಾಲಿನ ಹಿರಿಯರು ಕಣ್ಣಿನಲ್ಲೇ ಕೇಳುತ್ತಿದ್ದಾರೆ. ಅಂಕ ಬರಲಿಲ್ಲ. ‘ನಾಣ್ಯ ಅಸಲಿ. ಉಜ್ಜಲಾಗಿದೆ. ಅಂಕ ಕೊಡಲಾಗದು’ ಎಂದು ಚೀಟಿ ಬಂತು. ಸೊನ್ನೆಯನ್ನೂ ಕೊಡಲಿಲ್ಲ, ಸಭಿಕರೇ. ನಾನು ಎಂಥ ದಡ್ಡ ಮಕ್ಕಳಿಗೂ ಸೊನ್ನೆಯಾದರೂ ಕೊಡುತ್ತಿದ್ದೆ.

ಅರ್ಜಿಗಳನ್ನು ತುಂಬಿದವನು ನಾನೇ. ತಮ್ಮನ ಅರ್ಜಿಯ ಕೊನೆಯ ಸಾಲು ಮಾತ್ರ ಖಾಲಿ ಬಿಟ್ಟಿದ್ದೆ. ಅಲ್ಲಿ ನಾಣ್ಯದ ಮೂಲ ಯಾವುದೆಂದು ನಮಗೆ ಬೇಕಾದಂತೆ ಬರೆಯಬಹುದು, ಅದು ಪೆಟ್ಟಿಗೆಯ ಚೀಟಿಯ ಮೇಲೆ ಅಚ್ಚಾಗಿ ಬರುತ್ತದೆ. ಅದನ್ನು ತಾನೇ ಬರೆಯುತ್ತೇನೆಂದು ಅವನು ಕಾಗದ ತೆಗೆದುಕೊಂಡು, ಬರೆದು, ಲಕೋಟೆ ಅಂಟಿಸಿಯೇ ಕೊಟ್ಟ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ಇಷ್ಟು ವರ್ಷ ಒಮ್ಮೆಯೂ ಒರೆಸಬೇಕು ಅನಿಸಲಿಲ್ಲವೇ? ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದ್ದು ಇಷ್ಟು: "ನಂದಲ್ಲದ್ದನ್ನ ನಾನ್ಯಾಕೆ ಉಜ್ಜಲಿ?"

ನನಗೆ ಮೈ ಉರಿಯಿತು. ದರ್ಜಿಗಳಿಗೆ ಈ ವೇದಾಂತ ಬಹಳ. ದಿನವೆಲ್ಲ ಕಂಡವರ ಬಟ್ಟೆ ಹೊಲಿದು ಹೊಲಿದು, ಲೋಕದಲ್ಲಿ ಯಾವುದೂ ನಮ್ಮದಲ್ಲ ಎಂದು ಮಾತಾಡುವ ಅಭ್ಯಾಸವಾಗಿರುತ್ತದೆ.

ಪೊಟ್ಟಣ ಹಿಂದಿರುಗಿದ್ದು ಅವನ ಅಂಗಡಿಗೆ. ದೂರದಿಂದಲೇ ಅರವತ್ತೇಳು ಕಂಡಿತು. ನನ್ನ ಚೀಟಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಂದಿನಿಂದ ಮೂರು ವಾರ ನಾನು ಆ ನಾಣ್ಯದ ಮುಖ ನೋಡಿಲ್ಲ. ಇಂದೂ ಮೇಜಿನ ಮೇಲಿರುವ ಆ ಪೆಟ್ಟಿಗೆಯತ್ತ ಕಣ್ಣು ಹಾಯಿಸಿಲ್ಲ. ನೋಡುವ ಅಗತ್ಯವೂ ಇಲ್ಲ. ಕಣ್ಣು ಮುಚ್ಚಿಯೇ ಹೇಳಬಲ್ಲೆ, ಆ ನಾಣ್ಯದ ಇಸವಿಯ ಕೆಳಗೆ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ ಇದೆ. ಟಂಕಸಾಲೆಯ ಅಚ್ಚು ಬಿರುಕು ಬಿಟ್ಟ ಮೇಲೆ ಹೊಡೆದ ನಾಣ್ಯ. ಅಂಥವು ಬಲು ಅಪರೂಪ. ಆ ಗೆರೆಯನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲೇ ಅಪ್ಪನ ಮಸೂರದಲ್ಲಿ ಕಂಡಿದ್ದೆ, ನನ್ನ ಕಾಗದ ಬಿಚ್ಚಿ...

ನನ್ನ ಕಾಗದ ಎಂದೆನೇ? ಸ್ವಲ್ಪ ನೀರು ಕೊಡಿ.

ಅಣ್ಣತಮ್ಮಂದಿರ ಮನೆಯಲ್ಲಿ ನನ್ನದು ನಿನ್ನದು ಎಂದು ಇರುತ್ತದೆಯೇ? ಅವನದನ್ನು ನಾನು ನೋಡಿರಬಹುದು, ನನ್ನದನ್ನು ಅವನು ನೋಡಿರಬಹುದು... ಬೇಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಯಾರಾದರೂ ಏನಾದರೂ ಅನ್ನುವ ಮುಂಚೆಯೇ ಮುಟ್ಟಿಕೊಂಡೆ. ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ನೆಲ ನೋಡುತ್ತಿದ್ದಾಳೆ. ಅವಳಿಗೂ ಇದು ಗೊತ್ತಿಲ್ಲ. ಹೇಳಿಬಿಡುತ್ತೇನೆ.

ಗೆರೆ ಇದ್ದ ನಾಣ್ಯ ನನ್ನ ಪಾಲಿಗೆ ಬಂದದ್ದು. ‘ದೊಡ್ಡವನು’ ಎಂದು ಬರೆದ ಕಾಗದದಲ್ಲಿ ಇದ್ದದ್ದು ಅದೇ. ನಾನು ಗೆರೆ ನೋಡಿದೆ, ತಮ್ಮನದನ್ನು ಬಿಚ್ಚಿ ನೋಡಿದೆ, ಅದು ನುಣುಪಾಗಿತ್ತು. ಅಪ್ಪನ ಬಳಿಗೆ ಓಡಿದೆ, ನನಗೆ ಯಾಕೆ ಒಡೆದದ್ದು ಎಂದು ಕೇಳಿದೆ. ಅಪ್ಪ ಕಣ್ಣಿನಿಂದ ಮಸೂರ ತೆಗೆಯದೆಯೇ ಹೇಳಿದರು: "ಬೆಳ್ಳಗಿರೋದೆಲ್ಲ ಹಾಲಲ್ಲ. ಸುಮ್ನೆ ಇಟ್ಕೋ, ನಿನಗೆ ಅಂತಲೇ ನೋಡಿ ಕೊಟ್ಟಿದ್ದೀನಿ."

ನಾನು ನಂಬಲಿಲ್ಲ. ಸೀನಿದ್ದಕ್ಕೂ ಬೈಸಿಕೊಳ್ಳುವವನು ನಾನು, ಒಡಕು ನಾಣ್ಯವೂ ನನಗೇ ಎಂದುಕೊಂಡೆ. ಮಾರನೆಯ ದಿನ ತಮ್ಮ ಸ್ನಾನಕ್ಕೆ ಹೋಗಿದ್ದಾಗ ಎರಡೂ ಕಾಗದ ಬಿಚ್ಚಿ, ನಾಣ್ಯ ಅದಲುಬದಲು ಮಾಡಿ, ಮೊದಲಿದ್ದ ಮಡಿಕೆಯಲ್ಲೇ ಮಡಿಸಿಟ್ಟೆ. ಬಚ್ಚಲಿನಿಂದ ಅವನು ಹಾಡುವುದು ಕೇಳಿಸುತ್ತಿತ್ತು. ಆ ಹಾಡಿನ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಬಿಸಿನೀರೆಲ್ಲ ಅವನೇ ಖರ್ಚು ಮಾಡಿ ಹಾಡುತ್ತಾನಲ್ಲ ಎಂದು.

ಹೌದು ಸಭಿಕರೇ, ಹೊಟ್ಟೆಕಿಚ್ಚು. ಮೆಟ್ಟಿಲ ಮೇಲೆ ಮಾತಾಡಿದವರು ಸರಿಯಾಗಿಯೇ ಹೇಳಿದ್ದಾರೆ. ನನಗೆ ಅವನ ಅಂಗಡಿಗೆ ಜನ ಸುಮ್ಮನೆ ಬಂದು ಕೂರುವುದು ಕಂಡರೆ ಆಗುವುದಿಲ್ಲ. ನನ್ನ ಮಕ್ಕಳು ರಜೆ ಸಿಕ್ಕರೆ ಚಿಕ್ಕಪ್ಪನ ಮನೆಗೆ ಓಡುವುದು ಕಂಡರೆ ಆಗುವುದಿಲ್ಲ. ಆದರೂ ಈ ಹೊತ್ತು ನಾನು ಇದನ್ನೆಲ್ಲ ಹೇಳುತ್ತಿರುವುದು ಪಶ್ಚಾತ್ತಾಪಕ್ಕಲ್ಲ. ಸುಳ್ಳು ಯಾಕೆ ಹೇಳಲಿ? ನ್ಯಾಯವಾಗಿ ನೋಡಿದರೆ ಆ ಅರವತ್ತೇಳು ನನ್ನದು ಎಂದು ನಿಮಗೆಲ್ಲ ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ. ಅಪ್ಪ ಅದನ್ನು ನನಗೆ ಕೊಟ್ಟದ್ದು. ನೋಡಿ, ಆರಿಸಿ, ನನಗೆ ಕೊಟ್ಟದ್ದು. ಕದ್ದವನಿಗೆ ಕದ್ದದ್ದರಲ್ಲೇ ನಷ್ಟವಾದರೆ ಅವನು ಯಾರ ಹತ್ತಿರ ದೂರು ಕೊಡಬೇಕು?

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕಾರ್ಯಕ್ರಮ ಪಟ್ಟಿಯ ಪ್ರಕಾರ, ಕಾರ್ಯದರ್ಶಿಯು ನಾಣ್ಯವನ್ನು ಎತ್ತಿ ತೋರಿಸಿ ಚೀಟಿಯನ್ನು ಸಭೆಗೆ ಓದಿ ಹೇಳಬೇಕು. ಪಟ್ಟಿ ಮಾಡಿದವನೂ ನಾನೇ, ತಪ್ಪಿಸಿಕೊಳ್ಳುವ ಹಾಗಿಲ್ಲ. ಪೆಟ್ಟಿಗೆ ಈ ಕಡೆ ಕೊಡಿ. ಕನ್ನಡಕ... ಇಲ್ಲಿದೆ.

ಮೊದಲ ಸಾಲು, ಇಸವಿ ಮತ್ತು ಟಂಕಸಾಲೆ. ಎರಡನೆಯ ಸಾಲು, ಬೆಳ್ಳಿ, ಅಚ್ಚಿನ ಬಿರುಕು. ಮೂರನೆಯದು, ಅರವತ್ತೇಳು. ಇನ್ನು ಮೂಲ.

ಮೂಲ: ‘ಗಡಿಯಾರದ ಅಂಗಡಿಯವರ ದೊಡ್ಡ ಮಗನ ನಾಣ್ಯ.’

ಕ್ಷಮಿಸಿ. ಇನ್ನೊಮ್ಮೆ ಓದುತ್ತೇನೆ, ಹಿಂದಿನ ಸಾಲಿಗೆ ಕೇಳಿಸಿರಲಿಕ್ಕಿಲ್ಲ. ‘ದೊಡ್ಡ ಮಗನ ನಾಣ್ಯ.’

ಇದು ಮೂರು ತಿಂಗಳ ಹಿಂದೆ ಅವನು ಬರೆದದ್ದು. ನಾನು ಇಂದು ಬಾಯಿ ಬಿಡುವ ಮುಂಚೆ, ಅಂಕ ಬರುವ ಮುಂಚೆ. ಹಾಗಾದರೆ ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷದವನೂ ತನ್ನ ನಾಣ್ಯವನ್ನು ನೋಡಿಯೇ ನೋಡಿರುತ್ತಾನೆ, ನುಣುಪಾಗಿದ್ದ ಕಡೆ ಮರುದಿನ ಗೆರೆ ಬಂದರೆ ಅವನಿಗೆ ಕಾಣುವುದಿಲ್ಲವೇ? ಇದು ನನಗೆ ಐವತ್ತೈದು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲ. ಗಣಿತದ ಮೇಷ್ಟ್ರು ನಾನು. "ನಂದಲ್ಲದ್ದನ್ನ ನಾನ್ಯಾಕೆ ಉಜ್ಜಲಿ" ಎಂದದ್ದು ವೇದಾಂತವಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

ಅವನು ಅಲ್ಲಿ ಕುರ್ಚಿಯಲ್ಲಿ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುಗಿಸುತ್ತಿದ್ದಾನೆ. ಚಿಕ್ಕಂದಿನಲ್ಲೂ ಅಪ್ಪ ನನ್ನನ್ನು ಬೈಯುವಾಗ ಹೀಗೇ ಮಾಡುತ್ತಿದ್ದ.

ಸಭಿಕರೇ, ಒಂದು ಲೆಕ್ಕ ಮಾತ್ರ ನನಗೆ ಈಗ ಸ್ಪಷ್ಟವಾಗಿದೆ. ಈ ನಾಣ್ಯ ನನ್ನ ಬಳಿಯೇ ಉಳಿದಿದ್ದರೆ ನಾನು ಇದನ್ನೂ ಪ್ರತಿ ಭಾನುವಾರ ಉಜ್ಜುತ್ತಿದ್ದೆ. ಆ ಗೆರೆಯೇ ಸವೆದುಹೋಗುವವರೆಗೆ ಉಜ್ಜುತ್ತಿದ್ದೆ. ನಾಣ್ಯ ನನ್ನದು, ಒಪ್ಪಿದೆ. ಅರವತ್ತೇಳು ಅವನದು. ಇದನ್ನು ಹೇಳುವಾಗ ನನಗೆ ಮನಸ್ಸು ಹಗುರವಾಯಿತು ಎಂದು ನೀವು ತಿಳಿಯಬಾರದು. ಇನ್ನೂ ಉರಿಯುತ್ತಿದೆ. ಮೊದಲು ಅವನ ನಾಣ್ಯದ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಅವನು ಈ ಸಾಲು ಬರೆದನಲ್ಲ, ಅದರ ಮೇಲೆ. ನನಗೆ ಯಾಕೆ ಇದು ಮೊದಲು ತೋಚಲಿಲ್ಲ? ಒಳ್ಳೆಯವನಾಗುವುದರಲ್ಲೂ ಅವನೇ ಮುಂದೆ ಹೋಗಬೇಕೇ?

ಹಿರಿಯರು ಭೂತಗನ್ನಡಿ ಕೆಳಗಿಟ್ಟಿದ್ದಾರೆ. ಅಧ್ಯಕ್ಷರ ಬಾಯಿ, ಮೊದಲ ಬಾರಿಗೆ, ತಾನಾಗಿ ತೆರೆದಿದೆ. ಮುಗಿಸುತ್ತೇನೆ.

ಸಭಾಂಗಣ ಒದಗಿಸಿದವರಿಗೆ, ಕುರ್ಚಿ ಜೋಡಿಸಿದವರಿಗೆ, ತಿಂಡಿ ಆರಿಹೋಗುತ್ತಿದ್ದರೂ ಎದ್ದುಹೋಗದ ನಿಮಗೆ ಸಂಘದ ಪರವಾಗಿ ವಂದನೆಗಳು. ಈ ಪೆಟ್ಟಿಗೆಯನ್ನು ನಾನೀಗ ಸನ್ಮಾನಿತರ ಕೈಗೆ ಕೊಡುತ್ತೇನೆ. ಅವನು ಬೇಡ ಎನ್ನುತ್ತಾನೆ, ನನಗೆ ಗೊತ್ತು. ತಗೋ. ಇಷ್ಟು ವರ್ಷ ಇಟ್ಟಿದ್ದ ಕಡೆಯಲ್ಲೇ ಇಡು, ಗುಂಡಿಗಳ ಜೊತೆ. ನನ್ನ ಕೈಗೆ ಕೊಡಬೇಡ. ಈಗಲೇ ಈ ಪ್ಲಾಸ್ಟಿಕ್ ಮೇಲೆ ನನ್ನ ಹೆಬ್ಬೆರಳು ಒಂದೇ ಕಡೆ ಓಡಾಡುತ್ತಿದೆ, ನೋಡು.

ಎಲ್ಲರೂ ಅವನಿಗಾಗಿ ಚಪ್ಪಾಳೆ ತಟ್ಟಿ. ಅವನು ನಾಣ್ಯ ತೆಗೆದುಕೊಂಡರೆ ನನ್ನ ಕೈಯೂ ಖಾಲಿಯಾಗುತ್ತದೆ, ನಾನೂ ತಟ್ಟುತ್ತೇನೆ.

ನಮಸ್ಕಾರ.