ರಾಯಭಾರಿಯ ರಾಜೀನಾಮೆಗಳು

ಕಂಪ್ಯೂಟರುಗಳ ವೈಟೂಕೆ ಗಲಾಟೆ ತಣ್ಣಗಾಗಿದ್ದ, ಎರಡು ಸಾವಿರದ ಇಸವಿಯ ವಸಂತ. ಶಿನಾಗಾವಾದ ಆಫೀಸಿಗೆ ಮರಳಲು ಜಪಾನಿನ ತ್ಸುಕುಬಾ ಊರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದ ಹರಿಹರನಿಗೆ ಬೆನ್ನ ಹಿಂದೆಯೇ ಕನ್ನಡ ಕೇಳಿಸಿತು. ದನಿ ಕೇಳಿದರೆ ಇಲ್ಲಿನ ಯೂನಿವರ್ಸಿಟಿಯ ಇಬ್ಬರು ಹುಡುಗಿಯರು. ಅವನು ತಿರುಗಲಿಲ್ಲ, ಕಿವಿ ಮಾತ್ರ ಅತ್ತ ಹೋಯಿತು.

“ಪ್ಯಾಲೆಸ್ಟೀನ್ ರಾಯಭಾರಿ ಭಾಷಣಕ್ಕೆ ಬರ್ತಿದಾರಲ್ಲ, ಅವರ ಪರಿಚಯ ಬರೆಯೋದನ್ನ ನನ್ನ ತಲೆಗೆ ಕಟ್ಟಿದಾರೆ ಕಣೇ.”

“ಬರೆದು ಬಿಸಾಕು ಯಾಮಿನಿ.”

“ಬರೆದೆ. ಅವರ ದೇಶದಲ್ಲಿ ಮಂತ್ರಿ ಆದ್ರು, ಇಸ್ರೇಲ್ ಜೊತೆಗಿನ ಒಪ್ಪಂದ ಸರಿಯಿಲ್ಲ ಅಂತ ರಾಜೀನಾಮೆ ಕೊಟ್ರು. ಮತ್ತೆ ಕರೆದು ಮಂತ್ರಿ ಮಾಡಿದ್ರು, ಮತ್ತೆ ರಾಜೀನಾಮೆ. ನಮ್ಮ ಗೈಡ್ ನಿಶಿದಾ ಸೆನ್ಸೇ ಎರಡೂ ರಾಜೀನಾಮೆನ ಹೊಡೆದು ಹಾಕಿದ್ರು!”

“ಯಾಕಂತೆ?”

“ಇಲ್ಲಿ ರಾಜೀನಾಮೆ ಅಂದ್ರೆ ತಪ್ಪು ಮಾಡಿ, ತಲೆ ಬಗ್ಗಿಸಿ ಹೋಗೋದು. ಗೆಸ್ಟ್‌ಗೆ ಇನ್ಸಲ್ಟ್ ಆಗತ್ತಂತೆ.”

“ರಾಯಭಾರಿನೇ ಕೇಳ್ಬೇಕಿತ್ತು.”

“ಫೋನ್ ಮಾಡಿದ್ದೆ. ‘ಮಂತ್ರಿ ಪದವಿ ಬೇಕಾದ್ರೆ ತೆಗೀರಿ, ರಾಜೀನಾಮೆ ಮುಟ್ಟಬೇಡಿ. ಪದವಿ ಬೇರೆಯವರು ಕೊಟ್ಟಿದ್ದು, ರಾಜೀನಾಮೆ ನಾನೇ ಕೊಟ್ಟಿದ್ದು’ ಅಂದ್ರು.”

“ಅಬ್ಬಾ! ಮತ್ತೆ ಸೇರಿಸ್ದೆ ತಾನೇ?”

“ಸೇರಿಸ್ದೆ. ಸೆನ್ಸೇ ‘ಸುಮಿಮಾಸೆನ್’ ಅಂತ ಕ್ಷಮೆ ಕೇಳಿ ಮತ್ತೆ ತೆಗೆದ್ರು. ಸಾಕಾಗಿ ಹೋಯ್ತು.”

“ಈಗೇನ್ಮಾಡ್ತೀಯ?”

ಅವರ ಬಸ್ಸು ಬಂತು.

“ಪರಿಚಯ ನೀವೇ ಬರ್ಕೊಳ್ಳಿ ಅಂತ ಸೆನ್ಸೇಗೆ ಹೇಳಿ ಎದ್ದು ಬಂದೆ,” ಎನ್ನುತ್ತ ಯಾಮಿನಿ ಮೆಟ್ಟಿಲು ಹತ್ತಿದಳು. “ತಲೆ ಬಗ್ಗಿಸ್ಲಿಲ್ಲ.”